ವಾಹನದೊಳಗಿನ ಪರದೆ: ಉಳಿತಾಯ ಯಾರದು, ವೆಚ್ಚ ಯಾರದು?

ವಾಹನ ಬಿಡಿಭಾಗಗಳ ವೆಚ್ಚಪತ್ರವನ್ನು ಓದಿದವರಿಗೆ ಒಂದು ಅಂಶ ತಿಳಿದೇ ಇರುತ್ತದೆ. ಪ್ರತಿಯೊಂದು ಗುಂಡಿಗೂ ಅಚ್ಚು, ತಂತಿ, ಜೋಡಣೆಯ ಖರ್ಚುಂಟು. ಸ್ಪರ್ಶಪರದೆಯಲ್ಲಿ ಹೊಸ ಗುಂಡಿಯೆಂದರೆ ತಂತ್ರಾಂಶದ ಕೆಲವು ಸಾಲುಗಳಷ್ಟೇ. ಈ ಉಳಿತಾಯದ ಎದುರು ನಮೂದು ಮಾತ್ರ ತಯಾರಕರ ಪುಸ್ತಕದಲ್ಲಿ ಕಾಣುವುದಿಲ್ಲ.

ಗಂಟೆಗೆ 80 ಕಿ.ಮೀ. ವೇಗದ ವಾಹನವು 2 ಸೆಕೆಂಡುಗಳಲ್ಲಿ ಸುಮಾರು 44 ಮೀಟರ್ ಕ್ರಮಿಸುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತವು 2013ರ ತನ್ನ ಮಾರ್ಗಸೂಚಿಯಲ್ಲಿ ಪರದೆಯತ್ತ ಒಂದು ನೋಟಕ್ಕೆ 2 ಸೆಕೆಂಡು, ಒಂದು ಕಾರ್ಯಕ್ಕೆ ಒಟ್ಟು 12 ಸೆಕೆಂಡುಗಳ ಮಿತಿಯನ್ನು ಸೂಚಿಸಿತು. ಅದರ ಪಾಲನೆ ಐಚ್ಛಿಕ. ಯೂರೋ ಎನ್‌ಕ್ಯಾಪ್ ಸಂಸ್ಥೆಯಾದರೋ 2026ರ ಮೌಲ್ಯಮಾಪನದಲ್ಲಿ ಹಾರ್ನ್, ವೈಪರ್, ತಿರುವು ದೀಪ ಮುಂತಾದವುಗಳ ಪ್ರತ್ಯೇಕ ಗುಂಡಿ, ಸನ್ನೆಕೋಲುಗಳಿಗೆ ಅಂಕ ನೀಡತೊಡಗಿದೆ.

ಚಾಲಕ ಸಹಾಯಕ ವ್ಯವಸ್ಥೆಗಳಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮ. ನನ್ನ ಕಾರಿನ ಪಥಚ್ಯುತಿ ಎಚ್ಚರಿಕೆಯನ್ನು ಮೂರನೆಯ ವಾರದಲ್ಲೇ ನಿಲ್ಲಿಸಿಬಿಟ್ಟೆ. ಹೊಂಡ ತಪ್ಪಿಸಲು ಗೆರೆ ದಾಟಿದಾಗಲೆಲ್ಲ ಸ್ಟಿಯರಿಂಗ್ ನಡುಗುತ್ತಿತ್ತು. ಗೆರೆ ಅಳಿಸಿಹೋದ ರಸ್ತೆಯಲ್ಲಿ ವ್ಯವಸ್ಥೆ ಸುಮ್ಮನಿರುತ್ತಿತ್ತು. ಹಾಗೆ ಸುಮ್ಮನಾದುದನ್ನು ತಿಳಿಸುತ್ತಿದ್ದುದು ಮೂಲೆಯ ಪುಟ್ಟ ಬೂದು ಚಿಹ್ನೆಯೊಂದೇ. ಹಣ ತೆತ್ತು ಪಡೆದ ಆಸ್ತಿ ಹೀಗೆ ನಿಷ್ಕ್ರಿಯವಾಯಿತು. ದೋಷ ಸಂವೇದಕದ್ದಲ್ಲ; ವ್ಯವಸ್ಥೆ ಯಾವಾಗ ಕಾವಲಿದೆ, ಯಾವಾಗ ಇಲ್ಲ ಎಂಬುದನ್ನು ಚಾಲಕನಿಗೆ ಹೇಳುವ ಕ್ರಮದ್ದು.

ಇಂತಹ ಘಟಕಗಳನ್ನು ಪೂರೈಸುವ ಸದಸ್ಯರು ಅಚ್ಚು ಎರೆಯುವ ಮುನ್ನವೇ ನಮ್ಮ ರಸ್ತೆಗಳಲ್ಲಿ, ಕನ್ನಡಕ ಧರಿಸುವ ಹಿರಿಯ ಚಾಲಕರನ್ನೂ ಸೇರಿಸಿಕೊಂಡು ಪರೀಕ್ಷಿಸುವುದು ಲೇಸು. ಆ ಖರ್ಚನ್ನು ಅಭಿವೃದ್ಧಿ ವೆಚ್ಚದೊಳಗೇ ಸೇರಿಸಬೇಕು. ದರಪತ್ರದಲ್ಲಿ ಪ್ರತ್ಯೇಕ ಬಾಬ್ತಾಗಿ ತೋರಿಸಿದರೆ ಖರೀದಿ ವಿಭಾಗವು ಮೊದಲು ಹೊಡೆದುಹಾಕುವುದು ಅದನ್ನೇ.