ಕೂತಲ್ಲೇ ಹಕ್ಕಿ ನೋಡಿ

ಹಕ್ಕಿ ನೋಡಬೇಕೆಂದರೆ ಕಾಡು ಅಲೆಯಬೇಕು, ಗುಡ್ಡ ಹತ್ತಬೇಕು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಹಾಗಾಗಿ ಮಂಡಿನೋವಿನವರು, ಗಾಲಿಕುರ್ಚಿ ಬಳಸುವವರು, ಕಣ್ಣು ಕಾಣದವರು ಈ ಹವ್ಯಾಸದ ಹತ್ತಿರವೇ ಸುಳಿಯುವುದಿಲ್ಲ. ಅಂಥವರನ್ನು ಒಮ್ಮೆ ಬೆಳಿಗ್ಗೆ ಬೆಂಗಳೂರಿನ ಲಾಲ್‌ಬಾಗ್‌ಗೆ ಕರೆದುಕೊಂಡು ಹೋಗಬೇಕು.

1760ರಲ್ಲಿ ಹೈದರಾಲಿ ಶುರುಮಾಡಿದ ತೋಟ ಇಂದು 240 ಎಕರೆಗೆ ಹಬ್ಬಿದೆ. ಒಳಗೆ ಅಗಲವಾದ ರಸ್ತೆಗಳಿವೆ, ಕೂರಲು ಬೆಂಚುಗಳಿವೆ, ನೆರಳಿಗಂತೂ ಬರವಿಲ್ಲ. ಮೆಟ್ರೊ ಹಸಿರು ಮಾರ್ಗದಲ್ಲಿ ಬಂದರೆ ಲಾಲ್‌ಬಾಗ್ ನಿಲ್ದಾಣದಲ್ಲಿ ಲಿಫ್ಟ್ ಇದೆ, ಪಶ್ಚಿಮ ದ್ವಾರವೂ ಹತ್ತಿರ. ತೋಟದೊಳಗಿನ ಮುನ್ನೂರು ಕೋಟಿ ವರ್ಷದ ಹೆಸರಾಂತ ಬಂಡೆಯ ಏರು ಗಾಲಿಗೆ ಒಗ್ಗುವಂಥದ್ದಲ್ಲ. ಅದನ್ನು ಬಿಟ್ಟು ತೋಟದ ಕೆರೆಯ ಕಡೆ ಹೊರಡಿ.

ಕುರ್ಚಿಯಲ್ಲಿ ಕೂತು ಮರದ ತುದಿ ನೋಡುತ್ತಿದ್ದರೆ ಕತ್ತು ಬೇಗ ಸೋಲುತ್ತದೆ. ನೀರಹಕ್ಕಿಗಳು ಕಣ್ಣಿನ ನೇರಕ್ಕೇ ಸಿಗುತ್ತವೆ. ಕುರ್ಚಿಯ ಕೈಗೆ ಮೊಣಕೈ ಊರಿದರೆ ದುರ್ಬೀನು ಅಲುಗಾಡುವುದಿಲ್ಲ; ನಿಂತು ನೋಡುವವರಿಗೆ ಈ ಸೌಕರ್ಯವೆಲ್ಲಿ? ನೀರುಕಾಗೆ ಮುಳುಗಿ ಎದ್ದು ಕೊಂಬೆಯ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತದೆ. ಹೆಜ್ಜಾರ್ಲೆ ಕೊಕ್ಕಿನಡಿಯ ಚೀಲದಲ್ಲಿ ನೀರಿನ ಸಮೇತ ಮೀನು ಮೊಗೆಯುತ್ತದೆ. ಕೆಸರಿನ ಬಣ್ಣದ ಕೊಳದ ಬಕ ದಡದಲ್ಲೇ ಇದ್ದರೂ ಕಾಣುವುದಿಲ್ಲ. ಹಾರಿದ ಕೂಡಲೇ ರೆಕ್ಕೆಯೆಲ್ಲ ಬೆಳ್ಳಗೆ ಬಿಚ್ಚಿಕೊಂಡು ಬೆರಗು ಹುಟ್ಟಿಸುತ್ತದೆ.

ಇನ್ನು ಕಿವಿಯ ಮಾತು. ದಟ್ಟ ಎಲೆಗಳ ನಡುವೆ ಹಕ್ಕಿಯನ್ನು ನುರಿತವರೂ ಮೊದಲು ಹಿಡಿಯುವುದು ದನಿಯಿಂದಲೇ. ಕಣ್ಣು ಕಾಣದವರು ಇಲ್ಲಿ ಯಾರಿಗೂ ಹಿಂದೆ ಬೀಳಬೇಕಿಲ್ಲ. ಹಸಿರು ಮೈಯ ಕುಟ್ರುಹಕ್ಕಿ ಎಲೆಗಳಲ್ಲಿ ಮರೆಯಾಗಿ ಕೂತು 'ಕುಟ್ರೂ, ಕುಟ್ರೂ' ಎಂದು ಇಡೀ ತೋಟಕ್ಕೆ ಕೇಳುವಂತೆ ಕೂಗುತ್ತದೆ. ಅದರ ಪುಟ್ಟ ನಂಟ, ಕೆಂಪು ಹಣೆಯ ಕಂಚುಗಾರ ಹಕ್ಕಿ, ತಾಮ್ರದ ಪಾತ್ರೆ ಬಡಿದಂತೆ 'ಟುಕ್ ಟುಕ್' ಎನ್ನುತ್ತಿರುತ್ತದೆ. ಕೂಗುವಾಗ ಕೊಕ್ಕು ತೆರೆಯುವುದಿಲ್ಲ. ಪ್ರತಿ 'ಟುಕ್‌'ಗೂ ಗಂಟಲು ಉಬ್ಬುತ್ತದೆ. ಜೊತೆಗೆ ತಲೆಯನ್ನು ಅತ್ತಿತ್ತ ತಿರುಗಿಸುವುದರಿಂದ ದನಿ ಒಮ್ಮೆ ಹತ್ತಿರದಿಂದ, ಒಮ್ಮೆ ದೂರದಿಂದ ಬಂದಂತಿರುತ್ತದೆ. ಅದು ಕೂತ ಕೊಂಬೆ ಯಾವುದೆಂದು ಕಿವಿಯಲ್ಲೇ ಗುರುತಿಸುವುದು ನಿಜಕ್ಕೂ ಕಷ್ಟದ, ಖುಷಿಯ ಕೆಲಸ.

ಇವೆರಡೂ ಗೂಡು ಕೊರೆಯುವುದು ಒಣಗಿದ, ಮೆತ್ತಗಾದ ಕೊಂಬೆಯಲ್ಲಿ. ತಲೆಯ ಮೇಲೆ ಬೀಳುವ ಭಯವಿಲ್ಲದ ಕಡೆಯಾದರೂ ಒಣಕೊಂಬೆಗಳನ್ನು ಉದ್ಯಾನದವರು ಕಡಿಯದೆ ಬಿಡಬೇಕು.

ಹಕ್ಕಿ ಇದ್ದರೆ ಸಾಲದು, ನೋಡುವವರು ಒಳಗೆ ಬರಲೂ ಆಗಬೇಕು. ಬೈಕು ನುಗ್ಗದಿರಲೆಂದು ನಗರದ ಎಷ್ಟೋ ಪಾರ್ಕುಗಳ ಬಾಗಿಲಲ್ಲಿ ಒತ್ತೊತ್ತಾಗಿ ಕಂಬ ನೆಟ್ಟಿರುತ್ತಾರೆ. ಅಲ್ಲಿ ಗಾಲಿಕುರ್ಚಿಯೂ ಹೊರಗೇ ನಿಲ್ಲುತ್ತದೆ. ಒಂದು ಕಂಬ ತೆಗೆದರೆ ಸಾಕು, ದಾರಿಯಾಗುತ್ತದೆ.

ಬೆಂಗಳೂರಿನ ಪಕ್ಷಿಪ್ರಿಯರು ದಶಕಗಳಿಂದ ಲಾಲ್‌ಬಾಗ್‌ನಲ್ಲಿ ಒಟ್ಟಾಗಿ ಹಕ್ಕಿ ನೋಡುತ್ತಾ ನಡೆದಿದ್ದಾರೆ. ನಡಿಗೆಯ ಜೊತೆಗೆ, ಕೆರೆಯ ದಡದಲ್ಲಿ ಒಂದು ಗಂಟೆ ಎಲ್ಲರೂ ಕೂತೇ ನೋಡುವ, ಕೇಳುವ ಕೂಟವೂ ಶುರುವಾಗಲಿ. ಚಳಿಗಾಲ ಇದಕ್ಕೆ ಹೇಳಿ ಮಾಡಿಸಿದ ಕಾಲ. ಊರ ಹಕ್ಕಿಗಳ ಜೊತೆ ವಲಸೆ ಬಂದವೂ ಆಗ ಇಲ್ಲಿರುತ್ತವೆ.