ಲಿಂಫೋಬ್ಲಾಸ್ಟಿಕ್ ಲಿಂಫೋಮಾದ ಚರ್ಮ ಲಕ್ಷಣಗಳು

ಲಿಂಫೋಬ್ಲಾಸ್ಟಿಕ್ ಲಿಂಫೋಮಾವು ಪಕ್ವಗೊಳ್ಳದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಿಂದ ಉಂಟಾಗುವ, ವೇಗವಾಗಿ ಬೆಳೆಯುವ ವಿರಳ ಕ್ಯಾನ್ಸರ್. ಇದರಲ್ಲಿ ಟಿ ಮತ್ತು ಬಿ ಎಂಬ ಎರಡು ಬಗೆಗಳಿವೆ. ಹೆಚ್ಚಾಗಿ ಕಂಡುಬರುವ ಟಿ ಬಗೆಯು ಸಾಮಾನ್ಯವಾಗಿ ಎದೆಗೂಡಿನ ನಡುವೆ ಗಡ್ಡೆಯಾಗಿ ಬೆಳೆಯುತ್ತದೆ. ಚರ್ಮಕ್ಕೆ ಹರಡುವುದು ಬಿ ಬಗೆಯಲ್ಲಿ ಹೆಚ್ಚು.

ಲಕ್ಷಣಗಳು

ಮುಖ್ಯವಾಗಿ ಮಕ್ಕಳು ಮತ್ತು ಯುವಜನರ ತಲೆ, ಮುಖ ಅಥವಾ ಕುತ್ತಿಗೆಯ ಮೇಲೆ ಕೆಂಪು ಇಲ್ಲವೆ ನೇರಳೆ ಬಣ್ಣದ ಗಟ್ಟಿ ಗಂಟುಗಳು ಏಳುತ್ತವೆ. ಇವು ಸಾಮಾನ್ಯವಾಗಿ ನೋಯುವುದಿಲ್ಲವಾದ್ದರಿಂದ ನಿರ್ಲಕ್ಷ್ಯಕ್ಕೆ ಒಳಗಾಗುವ ಸಾಧ್ಯತೆಯಿದೆ.

ರೋಗನಿರ್ಣಯ

ಗಂಟಿನ ಬಯಾಪ್ಸಿ ಅಗತ್ಯ. ಜೀವಕೋಶಗಳಲ್ಲಿನ ಟಿಡಿಟಿ ಎಂಬ ಕಿಣ್ವವು ಅಪಕ್ವತೆಯನ್ನು, ಸಿಡಿ19 ಬಿ ಬಗೆಯನ್ನು, ಸಿಡಿ3 ಟಿ ಬಗೆಯನ್ನು ಸೂಚಿಸುತ್ತದೆ. ಅಸ್ಥಿಮಜ್ಜೆಯಲ್ಲಿ ಇಂತಹ ಕಣಗಳು ಶೇ. 25ನ್ನು ಮೀರಿದರೆ ಸಾಮಾನ್ಯವಾಗಿ ಅದನ್ನು ತೀವ್ರ ಲಿಂಫೋಬ್ಲಾಸ್ಟಿಕ್ ರಕ್ತಕ್ಯಾನ್ಸರ್ ಎಂದು ಪರಿಗಣಿಸಲಾಗುತ್ತದೆ.

ಚಿಕಿತ್ಸೆ

ರೋಗವು ಚರ್ಮದಲ್ಲಷ್ಟೇ ಕಂಡರೂ ಗಂಟನ್ನು ಕತ್ತರಿಸಿ ತೆಗೆದರೆ ಸಾಲದು. ಇಡೀ ದೇಹಕ್ಕೆ ಕೀಮೋಥೆರಪಿ ನೀಡುವುದರೊಂದಿಗೆ, ಮಿದುಳಿಗೆ ಹರಡದಂತೆ ಬೆನ್ನುಹುರಿಯ ಸುತ್ತಲಿನ ದ್ರವಕ್ಕೂ ಔಷಧ ನೀಡಲಾಗುತ್ತದೆ. ಚಿಕಿತ್ಸೆಯು ಸಾಮಾನ್ಯವಾಗಿ ಎರಡು ವರ್ಷಗಳಷ್ಟು ದೀರ್ಘವಾಗಿದ್ದು, ಅದನ್ನು ಪೂರ್ಣಗೊಳಿಸಿದ ಮಕ್ಕಳಲ್ಲಿ ಹೆಚ್ಚಿನವರು ಗುಣಮುಖರಾಗುತ್ತಾರೆ.

ಕರ್ನಾಟಕದಲ್ಲಿ ಸೌಲಭ್ಯ

ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳಿಗೆ ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜು 1961ರಲ್ಲಿ ಬಳ್ಳಾರಿಯಲ್ಲಿ ಆರಂಭವಾಯಿತು. ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಕೇಂದ್ರವಾದ ಕಿದ್ವಾಯಿ ಸಂಸ್ಥೆಯು 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು.