ನೊಬೆಲ್ ಸಂಭ್ರಮದ ನಡುವೆ ಬತ್ತುತ್ತಿರುವ ಒರತೆ: ಜಪಾನಿನ ವಿಜ್ಞಾನ ನೀತಿ ಕಲಿಸುವ ಪಾಠ

2025ರ ಅಕ್ಟೋಬರ್‌ನಲ್ಲಿ ಜಪಾನ್ ಒಂದೇ ವಾರದಲ್ಲಿ ಎರಡು ಬಾರಿ ಸಂಭ್ರಮಿಸಿತು. ಒಸಾಕಾ ವಿಶ್ವವಿದ್ಯಾಲಯದ ಶಿಮೋನ್ ಸಕಾಗುಚಿ ಅವರಿಗೆ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲೂ, ಕ್ಯೋಟೊ ವಿಶ್ವವಿದ್ಯಾಲಯದ ಸುಸುಮು ಕಿಟಗಾವಾ ಅವರಿಗೆ ರಸಾಯನಶಾಸ್ತ್ರದ ನೊಬೆಲ್‌ನಲ್ಲೂ ಪಾಲು ದೊರೆಯಿತು. 2001ರಿಂದ ಈಚೆಗೆ ವಿಜ್ಞಾನದಲ್ಲಿ ನೊಬೆಲ್ ಪಡೆದ ಜಪಾನೀಯರ ಸಂಖ್ಯೆ, ಅಮೆರಿಕದ ಪೌರತ್ವ ಪಡೆದವರೂ ಸೇರಿದಂತೆ, 21ಕ್ಕೆ ಏರಿತು. ಏಷ್ಯಾದ ಬೇರಾವ ದೇಶವೂ ಈ ಸಾಧನೆಯ ಹತ್ತಿರ ಸುಳಿದಿಲ್ಲ.

ಆದರೆ ಇದೇ ಜಪಾನಿನಲ್ಲಿ ಇನ್ನೊಂದು ಲೆಕ್ಕವೂ ಇದೆ. ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖಗೊಳ್ಳುವ ಶೇ. 10ರಷ್ಟು ಸಂಶೋಧನ ಪ್ರಬಂಧಗಳ ಪೈಕಿ ಯಾವ ದೇಶದ ಪಾಲು ಎಷ್ಟು ಎಂಬುದನ್ನು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಮತ್ತು ತಂತ್ರಜ್ಞಾನ ನೀತಿ ಸಂಸ್ಥೆ ಪ್ರತಿವರ್ಷ ಪ್ರಕಟಿಸುತ್ತದೆ. 2000ದ ಆಸುಪಾಸಿನಲ್ಲಿ ಜಪಾನಿಗೆ ಅದರಲ್ಲಿ 4ನೆಯ ಸ್ಥಾನವಿತ್ತು. 2023ರ ವರದಿಯಲ್ಲಿ ಅದು 13ಕ್ಕೆ ಕುಸಿದಿತ್ತು. ಪ್ರಶಸ್ತಿ ಏರುತ್ತಿರುವಾಗ ಸ್ಥಾನ ಇಳಿಯುತ್ತಿರುವುದೇಕೆ? ಉತ್ತರ ಸರಳ: ನೊಬೆಲ್ ಹಳೆಯ ಬೆಳೆ, ಪ್ರಬಂಧಗಳ ಲೆಕ್ಕ ಇಂದಿನ ಬಿತ್ತನೆ. ಸಕಾಗುಚಿ ಅವರ ನಿರ್ಣಾಯಕ ಪ್ರಬಂಧ ಹೊರಬಂದದ್ದು 1995ರಲ್ಲಿ. ಕಿಟಗಾವಾ ಅವರ ಮುಖ್ಯ ಕೆಲಸವೂ 1990ರ ದಶಕದ್ದೇ. ಅಂದಿನ ಹೊಲವನ್ನು ಹದಗೊಳಿಸಿದ್ದ ವ್ಯವಸ್ಥೆ ಇಂದು ಹಾಗೆಯೇ ಉಳಿದಿಲ್ಲ.

1995ರ ಕಾಯ್ದೆ

ಜಪಾನಿನ ಸಂಸತ್ತು 1995ರಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಮೂಲ ಕಾಯ್ದೆಯನ್ನು ಅಂಗೀಕರಿಸಿತು. ಅದರಂತೆ ಸರ್ಕಾರ ಐದು ವರ್ಷಗಳಿಗೊಮ್ಮೆ ವಿಜ್ಞಾನ ಯೋಜನೆ ರೂಪಿಸುವುದು ಕಡ್ಡಾಯವಾಯಿತು. 1996ರಲ್ಲಿ ಆರಂಭವಾದ ಮೊದಲ ಯೋಜನೆಯ ವೆಚ್ಚದ ಗುರಿ 17 ಲಕ್ಷ ಕೋಟಿ ಯೆನ್. 2001ರ ಎರಡನೆಯ ಯೋಜನೆಗೆ 24 ಲಕ್ಷ ಕೋಟಿ ಯೆನ್. (ಒಂದು ಯೆನ್ ಎಂದರೆ ನಮ್ಮ ಅರ್ಧ ರೂಪಾಯಿಗಿಂತ ತುಸು ಹೆಚ್ಚು.) ಐವತ್ತು ವರ್ಷಗಳಲ್ಲಿ 30 ನೊಬೆಲ್ ಪುರಸ್ಕೃತರನ್ನು ಪಡೆಯಬೇಕೆಂಬ ಗುರಿಯನ್ನೂ ಎರಡನೆಯ ಯೋಜನೆಯಲ್ಲಿ ಬರೆದುಕೊಳ್ಳಲಾಯಿತು. ಪ್ರಶಸ್ತಿಯನ್ನು ಸರ್ಕಾರ ಗುರಿಯಾಗಿಸಿಕೊಳ್ಳುವುದೇ ಎಂದು ಆಗ ಟೀಕೆಗಳೂ ಕೇಳಿಬಂದವು. ಅರ್ಧ ಅವಧಿಯಲ್ಲೇ ಗುರಿಯ ಮೂರನೆಯ ಎರಡು ಭಾಗ ಕೈಗೂಡಿದೆ. ಆದರೆ ಅದಕ್ಕೆ ಕಾರಣವಾದದ್ದು ಆ ಯೋಜನೆಯಲ್ಲ, ಅದಕ್ಕೂ ಹಿಂದಿನ ದಶಕಗಳ ದುಡಿಮೆ.

ಎರಡು ಬಗೆಯ ಹಣ

ಸಂಶೋಧಕನ ಕೈಸೇರುವ ಹಣದಲ್ಲಿ ಎರಡು ಬಗೆ. ಮೊದಲನೆಯದು, ಅರ್ಜಿ ಹಾಕದೆಯೇ ವಿಶ್ವವಿದ್ಯಾಲಯಕ್ಕೆ ಬರುವ ನಿರ್ವಹಣಾ ಅನುದಾನ. ಸಂಬಳ, ವಿದ್ಯುತ್, ಗ್ರಂಥಾಲಯ, ಪ್ರಯೋಗಾಲಯದ ಸಣ್ಣಪುಟ್ಟ ಖರ್ಚು ಎಲ್ಲವೂ ಇದರಲ್ಲೇ ಸಾಗಬೇಕು. ಎರಡನೆಯದು, ಪ್ರಸ್ತಾವ ಬರೆದು ಇತರರೊಡನೆ ಪೈಪೋಟಿ ನಡೆಸಿ ಗಳಿಸುವ ಸ್ಪರ್ಧಾತ್ಮಕ ಅನುದಾನ. ‘ಕಾಕೆನ್‌ಹಿ’ ಎಂದು ಹೆಸರಾದ, ವರ್ಷಕ್ಕೆ ಸುಮಾರು 24,000 ಕೋಟಿ ಯೆನ್‌ಗಳ ಯೋಜನೆ ಇದರಲ್ಲಿ ಪ್ರಮುಖವಾದುದು.

2004ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ವಿಶ್ವವಿದ್ಯಾಲಯಗಳನ್ನು ಸರ್ಕಾರದ ನೇರ ಆಡಳಿತದಿಂದ ಬೇರ್ಪಡಿಸಿ ಸ್ವಾಯತ್ತ ನಿಗಮಗಳನ್ನಾಗಿ ಮಾಡಲಾಯಿತು. ಸ್ವಾತಂತ್ರ್ಯದ ಜೊತೆಗೇ ಕತ್ತರಿಯೂ ಬಂತು. ನಿರ್ವಹಣಾ ಅನುದಾನ ವರ್ಷಕ್ಕೆ ಸುಮಾರು ಶೇ. 1ರಂತೆ ಇಳಿಯತೊಡಗಿತು. 2004ರಲ್ಲಿ ಸುಮಾರು 1.24 ಲಕ್ಷ ಕೋಟಿ ಯೆನ್ ಇದ್ದದ್ದು 2020ರ ದಶಕದ ಆರಂಭಕ್ಕೆ 1.08 ಲಕ್ಷ ಕೋಟಿಯ ಆಸುಪಾಸಿಗೆ ಬಂದು ನಿಂತಿತು. ‘ಆಯ್ಕೆ ಮತ್ತು ಕೇಂದ್ರೀಕರಣ’ ಎಂಬುದು ಆಡಳಿತದ ಮಂತ್ರವಾಯಿತು. ಗೆಲ್ಲುವ ಕುದುರೆಯನ್ನು ಮೊದಲೇ ಗುರುತಿಸಿ ಅದಕ್ಕೇ ಹುಲ್ಲು ಹಾಕುವ ನೀತಿ ಇದು. ಯಾವುದು ಗೆಲ್ಲುತ್ತದೆ ಎಂಬುದು ವಿಜ್ಞಾನದಲ್ಲಿ ಮೊದಲೇ ತಿಳಿಯುವುದಿಲ್ಲ ಎಂಬುದೇ ಇಲ್ಲಿನ ತೊಡಕು.

ಪೆಟ್ಟು ಬಿದ್ದದ್ದು ಕಿರಿಯರಿಗೆ. ನಿವೃತ್ತರ ಜಾಗಕ್ಕೆ ಕಾಯಂ ಹುದ್ದೆಗಳ ಬದಲು ಮೂರು, ಐದು ವರ್ಷಗಳ ಗುತ್ತಿಗೆ ಹುದ್ದೆಗಳು ಬಂದವು. 2003ರಲ್ಲಿ ಪಿಎಚ್.ಡಿ.ಗೆ ಸೇರಿದವರು ಸುಮಾರು 18,000 ಮಂದಿ. 2022ರ ವೇಳೆಗೆ ಆ ಸಂಖ್ಯೆ 15,000ಕ್ಕಿಂತ ಕೆಳಗಿಳಿದಿತ್ತು. 2016ರಲ್ಲಿ ನೊಬೆಲ್ ಪಡೆದ ಜೀವವಿಜ್ಞಾನಿ ಯೊಶಿನೊರಿ ಓಸುಮಿ ಪ್ರಶಸ್ತಿಯ ಸಂದರ್ಭದಲ್ಲೇ ಮೂಲ ವಿಜ್ಞಾನದ ಅವಗಣನೆಯ ಬಗ್ಗೆ ಎಚ್ಚರಿಸಿದರು. ಮರುವರ್ಷ ಅದಕ್ಕಾಗಿ ತಾವೇ ಒಂದು ಪ್ರತಿಷ್ಠಾನವನ್ನೂ ಸ್ಥಾಪಿಸಿದರು.

ಕೋಲಾರದಿಂದ ಕಮಿಯೋಕಾಗೆ

ಫಲ ಯಾವುದೆಂದು ತಿಳಿಯದೆ ಬಿತ್ತುವ ವಿಜ್ಞಾನಕ್ಕೆ ಉತ್ತಮ ನಿದರ್ಶನ ಕರ್ನಾಟಕದೊಂದಿಗೆ ನಂಟು ಹೊಂದಿದೆ ಎಂಬುದನ್ನು ನಮ್ಮಲ್ಲಿ ಅನೇಕರು ಮರೆತಿದ್ದಾರೆ. 1965ರಲ್ಲಿ ಕೋಲಾರ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿ.ಮೀ.ಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಕುರುಹು ಪತ್ತೆಯಾಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲೂ ಇಂಥದೇ ಪತ್ತೆ ನಡೆಯಿತು. ಜಗತ್ತಿನಲ್ಲಿ ಇವೇ ಮೊದಲು. ಕೋಲಾರದ ಪ್ರಯೋಗ ನಡೆಸಿದವರು ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಬ್ರಿಟನ್ನಿನ ಡರ್ಹಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು. 1980ರ ದಶಕದಲ್ಲಿ ಅದೇ ಗಣಿಯಲ್ಲಿ ಟಾಟಾ ಸಂಸ್ಥೆ ಹಾಗೂ ಒಸಾಕಾದ ತಂಡಗಳು ಪ್ರೋಟಾನ್ ಎಂದಾದರೂ ಒಡೆಯುತ್ತದೆಯೇ ಎಂದು ಕಾದು ನೋಡಿದವು.

ಇದೇ ಪ್ರಶ್ನೆಗೆ ಉತ್ತರ ಹುಡುಕಲು ಮಸತೋಶಿ ಕೊಶಿಬಾ ಅವರ ತಂಡ 1983ರಲ್ಲಿ ಜಪಾನಿನ ಕಮಿಯೋಕಾ ಗಣಿಯಲ್ಲಿ 3,000 ಟನ್ ನೀರಿನ ತೊಟ್ಟಿಯನ್ನು ಸಜ್ಜುಗೊಳಿಸಿತು. ಪ್ರೋಟಾನ್ ಒಡೆಯಲಿಲ್ಲ. ಆದರೆ 1987ರಲ್ಲಿ ನಮ್ಮ ನೆರೆಯ ಗ್ಯಾಲಕ್ಸಿಯ ನಕ್ಷತ್ರವೊಂದು ಸ್ಫೋಟಿಸಿದಾಗ ಹೊಮ್ಮಿದ ನ್ಯೂಟ್ರಿನೊಗಳು ಆ ತೊಟ್ಟಿಯಲ್ಲಿ ಮಿನುಗಿದವು. 2002ರಲ್ಲಿ ಕೊಶಿಬಾ ಅವರಿಗೆ ನೊಬೆಲ್ ಸಂದಿತು. 1996ರಲ್ಲಿ ಅಲ್ಲಿ 50,000 ಟನ್ ನೀರಿನ ಸೂಪರ್-ಕಮಿಯೋಕಾಂಡೆ ಕೆಲಸ ಆರಂಭಿಸಿತು. ನ್ಯೂಟ್ರಿನೊಗಳಿಗೆ ದ್ರವ್ಯರಾಶಿ ಇದೆಯೆಂದು ಅದು 1998ರಲ್ಲಿ ತೋರಿಸಿಕೊಟ್ಟಿತು. ತಕಾಕಿ ಕಜಿತಾ ಅವರಿಗೆ 2015ರ ನೊಬೆಲ್ ಬಂದದ್ದು ಇದೇ ಕಾರಣಕ್ಕೆ. ಈಗ ಸುಮಾರು 2.6 ಲಕ್ಷ ಟನ್ ನೀರಿನ ಹೈಪರ್-ಕಮಿಯೋಕಾಂಡೆ ಅಂತಾರಾಷ್ಟ್ರೀಯ ಸಹಯೋಗದಲ್ಲಿ ಸಿದ್ಧವಾಗುತ್ತಿದೆ.

ಎರಡೂ ಗಣಿಗಳಲ್ಲಿ ಅದಿರು ತೆಗೆಯುವ ಕೆಲಸ 2001ರಲ್ಲೇ ನಿಂತಿತು. ಕೋಲಾರದ ಪ್ರಯೋಗಗಳು ಅದಕ್ಕೂ ಮೊದಲೇ 1990ರ ದಶಕದಲ್ಲಿ ಮುಗಿದುಹೋಗಿದ್ದವು. ಬಳಿಕ ಸುರಂಗಗಳಲ್ಲಿ ನೀರು ತುಂಬಿತು. ಕಮಿಯೋಕಾದಲ್ಲಿ ಅದಿರು ಮುಗಿದರೂ ಪ್ರಯೋಗಾಲಯ ಉಳಿಯಿತು. ಸರ್ಕಾರಗಳು ಬದಲಾದರೂ ನಾಲ್ಕು ದಶಕಗಳ ಕಾಲ ಅಲ್ಲಿಗೆ ಹಣದ ಹರಿವು ತಪ್ಪಲಿಲ್ಲ ಎಂಬುದೇ ವ್ಯತ್ಯಾಸ.

ತೆರೆದ ಬಾಗಿಲು, ಅರೆಮುಚ್ಚಿದ ಬಾಗಿಲು

ಹೊರಗಿನವರನ್ನು ಸೆಳೆಯಲು ಜಪಾನ್ ಪ್ರಯತ್ನಿಸಿಲ್ಲವೆಂದಲ್ಲ. 2007ರಲ್ಲಿ ವಿಶ್ವದರ್ಜೆಯ ಸಂಶೋಧನ ಕೇಂದ್ರಗಳ ಯೋಜನೆ ಆರಂಭವಾಯಿತು. 2011ರಲ್ಲಿ ಒಕಿನಾವಾ ದ್ವೀಪದಲ್ಲಿ ಇಂಗ್ಲಿಷ್ ಮಾಧ್ಯಮದ ವಿಜ್ಞಾನ ವಿಶ್ವವಿದ್ಯಾಲಯವೊಂದು ತೆರೆಯಿತು. ಅದಕ್ಕೆ ಬಹುಪಾಲು ಹಣ ಸರ್ಕಾರದ್ದೇ. ಭಾರತದೊಂದಿಗಿನ ಚಂದ್ರಯಾನ-5 ಯೋಜನೆಯಲ್ಲಿ ಜಪಾನ್ ರೋವರ್ ಒದಗಿಸಲಿದೆ, ಲ್ಯಾಂಡರ್ ಇಸ್ರೋದ್ದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಮೂವತ್ತು ಮೀಟರ್ ದೂರದರ್ಶಕದ ಯೋಜನೆಯಲ್ಲಿ ಜಪಾನೀಯರ ಸಹಭಾಗಿಗಳು.

ಆದರೆ ನೀತಿಯಲ್ಲಿ ದ್ವಂದ್ವವಿದೆ. 2025ರಲ್ಲಿ ವಿದೇಶಿ ಸಂಶೋಧಕರನ್ನು ಬರಮಾಡಿಕೊಳ್ಳಲು 10,000 ಕೋಟಿ ಯೆನ್‌ಗಳ ಯೋಜನೆ ಘೋಷಣೆಯಾಯಿತು. ಅದೇ ವರ್ಷ, ಪಿಎಚ್.ಡಿ. ವಿದ್ಯಾರ್ಥಿಗಳಿಗೆ 2021ರಿಂದ ನೀಡುತ್ತಿದ್ದ ನೆರವಿನ ಜೀವನವೆಚ್ಚದ ಭಾಗವನ್ನು ಮುಂದೆ ಜಪಾನೀ ಪ್ರಜೆಗಳಿಗಷ್ಟೇ ಸೀಮಿತಗೊಳಿಸಲು ಶಿಕ್ಷಣ ಸಚಿವಾಲಯ ನಿರ್ಧರಿಸಿತು. ಪಳಗಿದವರಿಗೆ ಆಹ್ವಾನ, ಪಳಗಬೇಕಾದವರಿಗೆ ಹಿಂಜರಿಕೆ! ಅಲ್ಲಿ ಓದುವ ಕನಸು ಕಾಣುವ ನಮ್ಮ ಯುವಜನರೂ ಇದನ್ನು ಗಮನಿಸಬೇಕು.

ದೊಡ್ಡ ನಿಧಿ, ಹಳೆಯ ಪ್ರಶ್ನೆ

ಕುಸಿತ ತಡೆಯಲು ಸರ್ಕಾರ 10 ಲಕ್ಷ ಕೋಟಿ ಯೆನ್‌ಗಳ ವಿಶ್ವವಿದ್ಯಾಲಯ ನಿಧಿಯನ್ನು ಸ್ಥಾಪಿಸಿದೆ. ಅದನ್ನು ಮಾರುಕಟ್ಟೆಯಲ್ಲಿ ತೊಡಗಿಸಿ, ಬಂದ ಲಾಭವನ್ನು ಆಯ್ದ ಕೆಲವೇ ವಿಶ್ವವಿದ್ಯಾಲಯಗಳಿಗೆ ನೀಡುವುದು ಉದ್ದೇಶ. ಮೊದಲ ಸುತ್ತಿನಲ್ಲಿ ಅರ್ಜಿ ಹಾಕಿದ ಹತ್ತರಲ್ಲಿ ತೊಹೊಕು ವಿಶ್ವವಿದ್ಯಾಲಯವೊಂದಕ್ಕೆ ಮಾತ್ರ 2024ರಲ್ಲಿ ಮಾನ್ಯತೆ ಸಿಕ್ಕಿತು. ಮತ್ತದೇ ಆಯ್ಕೆ, ಮತ್ತದೇ ಕೇಂದ್ರೀಕರಣ ಎಂಬ ಟೀಕೆ ಅಸಹಜವಲ್ಲ.

ಸ್ಪರ್ಧೆ ಬೇಡವೆಂದು ಯಾರೂ ಹೇಳರು. ಆದರೆ ಸ್ಪರ್ಧೆಗೆ ಇಳಿಯುವವರು ಹುಟ್ಟುವುದು ಹೆಸರಿಲ್ಲದ ಊರುಗಳ ವಿಶ್ವವಿದ್ಯಾಲಯಗಳಲ್ಲಿ, ಲೆಕ್ಕ ಕೇಳದೆ ಕೊಟ್ಟ ಸಣ್ಣ ಅನುದಾನಗಳಲ್ಲಿ. ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನವನ್ನು 2023ರ ಕಾಯ್ದೆಯ ಮೂಲಕ ಕಟ್ಟಿಕೊಂಡಿರುವ ಭಾರತ, ಅನುದಾನದ ನಿಯಮಗಳನ್ನು ಬರೆಯುವಾಗ ಜಪಾನಿನ ಇಪ್ಪತ್ತು ವರ್ಷಗಳ ಈ ಅನುಭವವನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದು ಲೇಸು. ನೀರು ತುಂಬಿದ ಕೋಲಾರದ ಸುರಂಗಗಳು ನೆನಪಿಸುವುದೂ ಅದನ್ನೇ.